ಊರಿಗೆ ಮರಳಿದ ಹೃದಯ

ಪೋಲೆಂಡ್ ದೇಶದ ರಾಜಧಾನಿ ವಾರ್ಸಾದಲ್ಲಿ ಪವಿತ್ರ ಶಿಲುಬೆಯ ದೇವಾಲಯವಿದೆ. ಅದನ್ನು ನೋಡಲು ಹೋದವರು ಎಡಬದಿಯ ಒಂದು ಕಂಬದ ಮುಂದೆ ತಪ್ಪದೆ ನಿಲ್ಲುತ್ತಾರೆ. ಆ ಕಂಬದೊಳಗೆ ಒಬ್ಬ ಮನುಷ್ಯನ ಹೃದಯವನ್ನು ಇಡಲಾಗಿದೆ. ಆತ ಸಂತನಲ್ಲ, ರಾಜನಲ್ಲ, ಸೇನಾಪತಿಯೂ ಅಲ್ಲ. ಪಿಯಾನೊ ನುಡಿಸಿ, ಅದಕ್ಕಾಗಿ ಸಂಗೀತ ರಚಿಸಿ ಬದುಕಿದವನು. ಹೆಸರು ಫ್ರೆಡ್ರಿಕ್ ಶೋಪಾನ್. ಆತನ ದೇಹ ಪ್ಯಾರಿಸ್ ನಗರದ ಮಣ್ಣಿನಲ್ಲಿದೆ. ಹೃದಯ ಮಾತ್ರ ತಾಯ್ನಾಡಿಗೆ ಬಂದು ದೇವಾಲಯವನ್ನು ಸೇರಿದೆ.

ಮಕ್ಕಳು ಓದಿಗಾಗಿ, ಕೆಲಸಕ್ಕಾಗಿ ದೂರದ ಊರು ಸೇರಿದಾಗ ತಂದೆತಾಯಂದಿರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಮನೆಯಲ್ಲಿ ಕಲಿಸಿದ ಜಪ, ಹಾಡು, ನಡೆನುಡಿಗಳು ಅಲ್ಲಿ ಉಳಿದಾವೇ? ಮಗ ಹೋದ ಹಾಗೆಯೇ ಮರಳಿ ಬಂದಾನೇ? ಶೋಪಾನನ ತಾಯಿ ಹೀಗೆ 19 ವರ್ಷ ಕಾದಳು. ಮಗ ಬರಲಿಲ್ಲ. ಆದರೆ ಆಕೆ ಕೊಟ್ಟು ಕಳಿಸಿದ್ದು ಅವನ ಬೆರಳುಗಳಲ್ಲಿಯೂ ಎದೆಯಲ್ಲಿಯೂ ಉಳಿದಿತ್ತು. ಆ ಬಾಳಿನ ಕಥೆಯನ್ನು ಈ ವಾರ ನಮ್ಮ ಕುಟುಂಬಗಳು ಓದಬೇಕೆಂದು ನನ್ನ ಆಸೆ.

ತಾಯಿಯ ಹಾಡು, ತಂದೆಯ ಪಿಟೀಲು

ವಾರ್ಸಾದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಝೆಲಜೋವಾ ವೋಲಾ ಎಂಬ ಹಳ್ಳಿಯಿದೆ. 1810ರಲ್ಲಿ ಶೋಪಾನ್ ಹುಟ್ಟಿದ್ದು ಅಲ್ಲಿಯೇ. ಹತ್ತಿರದ ಬ್ರೊಹೂಫ್ ಊರಿನ ಸಂತ ರೋಕರ ದೇವಾಲಯದಲ್ಲಿ ಆ ವರ್ಷದ ಏಪ್ರಿಲ್ 23ರಂದು ಅವನಿಗೆ ಜ್ಞಾನಸ್ನಾನವಾಯಿತು. ದೇವಾಲಯದ ದಾಖಲೆಯಲ್ಲಿ ಜನ್ಮದಿನ ಫೆಬ್ರವರಿ 22 ಎಂದಿದೆ. ಮನೆಯವರು ಮಾತ್ರ ಮಾರ್ಚ್ 1ನೇ ತಾರೀಖನ್ನೇ ಆಚರಿಸುತ್ತಿದ್ದರು. ತಂದೆ ನಿಕೊಲಾ ಫ್ರಾನ್ಸಿನ ಲೊರೇನ್ ಪ್ರಾಂತದಿಂದ ತರುಣನಾಗಿದ್ದಾಗಲೇ ಪೋಲೆಂಡಿಗೆ ಬಂದು ನೆಲೆಸಿದವನು. ಫ್ರೆಂಚ್ ಭಾಷೆ ಕಲಿಸುವ ಶಿಕ್ಷಕ. ತಾಯಿ ಯುಸ್ತಿನಾ ಪೋಲಿಷ್ ಹೆಣ್ಣುಮಗಳು, ದೈವಭಕ್ತೆ. ಮೂವರು ಹೆಣ್ಣುಮಕ್ಕಳ ನಡುವೆ ಫ್ರೆಡ್ರಿಕ್ ಒಬ್ಬನೇ ಗಂಡು. ಲುದ್ವಿಕಾ ಅಕ್ಕ, ಇಜಬೆಲಾ ಮತ್ತು ಎಮಿಲಿಯಾ ತಂಗಿಯರು.

ಅದೇ ವರ್ಷ ತಂದೆಗೆ ವಾರ್ಸಾದ ಶಾಲೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಸಂಸಾರ ನಗರಕ್ಕೆ ಬಂತು. ತಂದೆ ಪಿಟೀಲು, ಕೊಳಲು ನುಡಿಸುತ್ತಿದ್ದ. ತಾಯಿ ಪಿಯಾನೊ ನುಡಿಸುತ್ತಾ ಹಾಡುತ್ತಿದ್ದಳು. ಆ ಕಾಲದಲ್ಲಿ ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಮೂರು ಪಾಲು ಮಾಡಿಕೊಂಡಿದ್ದವು. 1795ರಲ್ಲಿ ಕೊನೆಯ ತುಣುಕೂ ಹೋಗಿತ್ತು. ರಾಜ್ಯ ಕಳೆದುಕೊಂಡ ಜನಕ್ಕೆ ಉಳಿದಿದ್ದು ಭಾಷೆ, ವಿಶ್ವಾಸ ಮತ್ತು ಹಾಡು. ಇವು ಮೂರೂ ಬದುಕಿದ್ದು ಮನೆಯ ಒಲೆಯ ಬಳಿ, ತಾಯಂದಿರ ಬಾಯಲ್ಲಿ.

ಮೊದಲ ಪಾಠ ಹೇಳಿದವರು ಝಿವ್ನಿ ಎಂಬ ವೃದ್ಧ ಚೆಕ್ ಸಂಗೀತಗಾರ. ಬಾಖ್ ಮತ್ತು ಮೊಜಾರ್ಟರ ಮೇಲಿನ ಪ್ರೀತಿಯನ್ನು ಅವರೇ ಹುಡುಗನ ಮನಸ್ಸಿನಲ್ಲಿ ಬಿತ್ತಿದರು. ಏಳನೆಯ ವಯಸ್ಸಿನಲ್ಲಿ, 1817ರಲ್ಲಿ, ಫ್ರೆಡ್ರಿಕ್ ರಚಿಸಿದ ಒಂದು ಪೊಲೊನೇಸ್ ಅಚ್ಚಾಯಿತು. ಅಚ್ಚು ಹಾಕಿಸಿದವರು ಸಂಗೀತದ ಮುದ್ರಣಾಲಯ ನಡೆಸುತ್ತಿದ್ದ ವಾರ್ಸಾದ ಒಬ್ಬ ಕಥೋಲಿಕ ಗುರುಗಳು, ಫಾದರ್ ಸಿಬುಲ್ಸ್ಕಿ. ಮುಂದೆ ಶಾಲಾ ವಿದ್ಯಾರ್ಥಿಯಾಗಿದ್ದಾಗ ಭಾನುವಾರದ ಬಲಿಪೂಜೆಯಲ್ಲಿ ಅವನೇ ಆರ್ಗನ್ ನುಡಿಸುತ್ತಿದ್ದ. ಗುರುಗಳನ್ನು ಬಿಟ್ಟರೆ ಇನ್ನು ತಾನೇ ದೊಡ್ಡವನೆಂದು ಗೆಳೆಯನಿಗೆ ತಮಾಷೆಯಾಗಿ ಕಾಗದ ಬರೆದಿದ್ದ. ಆಮೇಲೆ ವಾರ್ಸಾದ ಸಂಗೀತ ಶಾಲೆಯಲ್ಲಿ ಎಲ್ಸ್ನರ್ ಎಂಬ ಗುರುಗಳ ಬಳಿ ಮೂರು ವರ್ಷ ಕಲಿತ. ಶಿಷ್ಯನಿಗೆ ಅವನದೇ ಆದ ದಾರಿ ಇದೆ ಎಂದು ಅರಿತ ಎಲ್ಸ್ನರ್ ಅದಕ್ಕೆ ಅಡ್ಡ ಬರಲಿಲ್ಲ. ಎಲ್ಲ ಗುರುಗಳಿಗೂ ಇರಬೇಕಾದ ಗುಣವಿದು.

ಆದರೆ ಮನೆಗೆ ದುಃಖವೂ ಬಂತು. 1827ರಲ್ಲಿ ಕಿರಿಯ ತಂಗಿ ಎಮಿಲಿಯಾ 14ನೆಯ ವಯಸ್ಸಿನಲ್ಲಿ ಎದೆಯ ಕಾಯಿಲೆಯಿಂದ ತೀರಿಕೊಂಡಳು. ಅಂಥದೇ ಕಾಯಿಲೆ ಮುಂದೆ ಅಣ್ಣನನ್ನೂ ಹಿಡಿಯಿತು.

ಬೇಲಿಯ ಮೇಲೆ ಕುಳಿತ ಹುಡುಗಿ

1824ರ ಮತ್ತು 1825ರ ಬೇಸಗೆ ರಜೆಯನ್ನು ಫ್ರೆಡ್ರಿಕ್ ಶಫಾರ್ನ್ಯಾ ಎಂಬ ಹಳ್ಳಿಯಲ್ಲಿ, ಶಾಲೆಯ ಗೆಳೆಯನ ಮನೆಯಲ್ಲಿ ಕಳೆದ. ಅಲ್ಲಿಂದ ಮನೆಗೆ ಕಾಗದ ಬರೆಯುವ ಬದಲು ಪತ್ರಿಕೆಯ ರೂಪದಲ್ಲಿ ತಮಾಷೆಯ ಸುದ್ದಿಹಾಳೆ ಬರೆದು ಕಳಿಸುತ್ತಿದ್ದ. ಅದರಲ್ಲಿ ಒಂದು ಸುದ್ದಿ ಹೀಗಿದೆ. ನ್ಯೆಶಾವಾ ಎಂಬ ಊರಿನ ಬಳಿ ಹೋಗುತ್ತಿದ್ದಾಗ ಬೇಲಿಯ ಮೇಲೆ ಕುಳಿತ ಹಳ್ಳಿ ಹುಡುಗಿಯೊಬ್ಬಳು ಗಟ್ಟಿಯಾಗಿ ಹಾಡುತ್ತಿದ್ದಳು. ರಾಗ ಹಿಡಿಸಿತು, ಪದಗಳು ತಿಳಿಯಲಿಲ್ಲ. ಅತ್ತಿಂದಿತ್ತ ಎರಡು ಸಲ ನಡೆದು ನೋಡಿದ, ಆಗಲೂ ತಿಳಿಯಲಿಲ್ಲ. ಕೊನೆಗೆ ಜೇಬಿನಿಂದ ಮೂರು ಕಾಸು ತೆಗೆದು, ಇನ್ನೊಮ್ಮೆ ಹಾಡಿದರೆ ಕೊಡುತ್ತೇನೆ ಎಂದ. ಹುಡುಗಿ ಮೊದಲು ಬಿಂಕ ಮಾಡಿದಳು, ಆಮೇಲೆ ಹಾಡಿದಳು. ಅದೊಂದು ಮಜೂರ್ಕ.

ಮಜೂರ್ಕ ಎಂದರೆ ಪೋಲೆಂಡಿನ ಬಯಲುಸೀಮೆಯ ರೈತರ ಕುಣಿತ. ತಾಳ ಮೂರು ಏಟಿನದು. ಸಾಧಾರಣವಾಗಿ ಮೂರರ ತಾಳದಲ್ಲಿ ಮೊದಲ ಏಟಿಗೆ ಒತ್ತು ಬೀಳುತ್ತದೆ. ಮಜೂರ್ಕದಲ್ಲಿ ಒತ್ತು ಎರಡನೆಯದಕ್ಕೋ ಮೂರನೆಯದಕ್ಕೋ ಜಾರುತ್ತದೆ. ಕುಣಿಯುವವನ ಹಿಮ್ಮಡಿ ನೆಲಕ್ಕೆ ಬೀಳುವುದು ಅಲ್ಲಿಯೇ. ಹಳ್ಳಿಯಲ್ಲಿ ಇದಕ್ಕೆ ಪಿಟೀಲೂ ಚರ್ಮದ ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯವೂ ಇರುತ್ತಿದ್ದವು. ಆ ಚೀಲದ ವಾದ್ಯ ನಮ್ಮ ಶ್ರುತಿಪೆಟ್ಟಿಗೆಯ ಹಾಗೆ ಒಂದೇ ಸ್ವರವನ್ನು ಎಡೆಬಿಡದೆ ಹಿಡಿದಿರುತ್ತದೆ, ಅದರ ಮೇಲೆ ಪಿಟೀಲು ಆಡುತ್ತದೆ. ಇದರಲ್ಲಿ ಬಿರುಸಿನದು ಒಂದು, ನಿಧಾನದ್ದು ಒಂದು, ಗಿರಗಿರನೆ ತಿರುಗುವುದು ಇನ್ನೊಂದು. ಹೀಗೆ ಮೂರು ಬಗೆ.

ಶೋಪಾನ್ ತನ್ನ ಜೀವಮಾನದಲ್ಲಿ 50ಕ್ಕೂ ಹೆಚ್ಚು ಮಜೂರ್ಕಗಳನ್ನು ಪಿಯಾನೊಗಾಗಿ ಬರೆದ. ಹಳ್ಳಿಯ ರಾಗವನ್ನು ಇದ್ದ ಹಾಗೆಯೇ ಎತ್ತಿ ಬರೆದದ್ದು ಬಹಳ ಅಪರೂಪ. ಎಡಗೈಯಲ್ಲಿ ಚೀಲದ ವಾದ್ಯದ ಶ್ರುತಿ, ಬಲಗೈಯಲ್ಲಿ ಪಿಟೀಲಿನ ತಿರುವು, ನಡುವೆ ಆ ಜಾರುವ ಒತ್ತು; ಇವು ಅವನ ರಕ್ತದಲ್ಲಿಯೇ ಬೆರೆತಿದ್ದವು. ಮುಂದೆ ಪ್ಯಾರಿಸಿನಲ್ಲಿ ಚಾರ್ಲ್ಸ್ ಹಾಲೆ ಎಂಬ ಸಂಗೀತಗಾರ, ಶೋಪಾನ್ ಮಜೂರ್ಕ ನುಡಿಸುವಾಗ ಮೂರರ ಬದಲು ನಾಲ್ಕು ಏಟು ಕೇಳುತ್ತದೆ ಎಂದು ಎಣಿಸಿ ತೋರಿಸಿದ. ಶೋಪಾನ್ ಮೊದಲು ಒಪ್ಪಲಿಲ್ಲ. ಆಮೇಲೆ ನಕ್ಕು, ಅದು ತನ್ನ ನಾಡಿನ ಕುಣಿತದ ಗುಣ ಎಂದ. ತಾನೇ ಅರಿಯದಂತೆ ಹಳ್ಳಿ ಅವನ ಕೈಯಲ್ಲಿ ಹಾಗೆ ಕೂತಿತ್ತು.

1830ರ ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. 20 ವರ್ಷದ ಶೋಪಾನ್ ಕಚೇರಿ ನಡೆಸಲೆಂದು ಹೊರದೇಶಕ್ಕೆ ಹೊರಟ. ಇನ್ನೆಂದೂ ವಾರ್ಸಾಕ್ಕೆ ಬರುವುದಿಲ್ಲವೆಂದು ಅಂದು ಯಾರಿಗೆ ತಿಳಿದಿತ್ತು? ಆತ ವಿಯೆನ್ನಾ ಮುಟ್ಟಿ ಕೆಲವೇ ದಿನಗಳಲ್ಲಿ, ನವೆಂಬರ್ 29ರಂದು, ವಾರ್ಸಾದಲ್ಲಿ ರಷ್ಯಾದ ಆಳ್ವಿಕೆಯ ವಿರುದ್ಧ ದಂಗೆ ಎದ್ದಿತು. ಜೊತೆಗೆ ಬಂದಿದ್ದ ಗೆಳೆಯ ಹೋರಾಡಲು ಊರಿಗೆ ಓಡಿದ. ಮೊದಲೇ ಬಡಕಲು ದೇಹದ ಶೋಪಾನ್ ಒಬ್ಬನೇ ಉಳಿದ.

ಆ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಆತ ಸಂತ ಸ್ತೆಫಾನರ ಪ್ರಧಾನಾಲಯಕ್ಕೆ ನಡೆದು ಹೋದ. ಜಪ ಮಾಡಲಿಕ್ಕಲ್ಲ, ಆ ಹೊತ್ತಿನಲ್ಲಿ ಆ ದೊಡ್ಡ ಕಟ್ಟಡ ಹೇಗಿರುತ್ತದೆಂದು ನೋಡಲು ಹೋದೆ ಎಂದು ಅವನೇ ಗೆಳೆಯನಿಗೆ ಬರೆದಿದ್ದಾನೆ. ಕತ್ತಲ ಮೂಲೆಯಲ್ಲಿ ಒಂದು ಕಂಬದ ಬುಡದಲ್ಲಿ ನಿಂತ. ತನಗೆ ಯಾರೂ ಇಲ್ಲವೆನ್ನಿಸಿತು. ವಿಯೆನ್ನಾದ ಆ ದಿನಗಳ ನೋವಿನಿಂದ ಹುಟ್ಟಿದ್ದೆಂದು ಹೇಳುವ ಒಂದು ರಚನೆಯಿದೆ. ಅದರ ಆರಂಭ ಬಿರುಗಾಳಿಯಂತೆ. ನಡುವೆ ತಟ್ಟನೆ ಗಾಳಿ ನಿಂತು, ಬಾಲಯೇಸುವನ್ನು ಮಲಗಿಸುವ ಒಂದು ಪೋಲಿಷ್ ಜೋಗುಳ ಮೆಲ್ಲನೆ ಕೇಳಿಬರುತ್ತದೆ. ಪೋಲೆಂಡಿನ ಪ್ರತಿ ಮನೆಯಲ್ಲೂ ಗೋದಲಿಯ ಮುಂದೆ ಹಾಡುವ ಹಾಡದು. ಜಪ ಬಾಯಿಗೆ ಬಾರದ ಕಾಲದಲ್ಲಿ ತಾಯಿಯ ಹಾಡು ಕೈಗೆ ಬಂತು.

ಮೆಲುದನಿಯ ವಾದ್ಯ

1831ರ ಸೆಪ್ಟೆಂಬರಿನಲ್ಲಿ ವಾರ್ಸಾ ರಷ್ಯಾದ ಸೇನೆಗೆ ಶರಣಾಯಿತು. ಶೋಪಾನ್ ಆ ವರ್ಷವೇ ಪ್ಯಾರಿಸ್ ಸೇರಿದ. ಸೋತ ಪೋಲಿಷ್ ಜನ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಬಂದಿದ್ದರು. ಆತನೂ ಅವರಲ್ಲಿ ಒಬ್ಬನಾದ. ಜೀವನಕ್ಕೆ ಪಾಠ ಹೇಳತೊಡಗಿದ. ಶ್ರೀಮಂತರ ಮನೆಯ ಹೆಣ್ಣುಮಕ್ಕಳು ಶಿಷ್ಯೆಯರಾದರು. ಪಾಠವೊಂದಕ್ಕೆ 20 ಫ್ರಾಂಕ್.

ಇಲ್ಲಿ ಆತನ ವಾದ್ಯದ ಬಗ್ಗೆ ಹೇಳಬೇಕು. ಪಿಯಾನೊದ ಒಳಗೆ ಬಿಗಿದ ತಂತಿಗಳ ಸಾಲು ಇರುತ್ತದೆ. ಬೆರಳು ಕೀಲಿಯನ್ನು ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಎದ್ದು ತಂತಿಗೆ ಬಡಿದು ಹಿಂದೆ ಬೀಳುತ್ತದೆ. ಇಂದಿನ ಕಚೇರಿಯ ಪಿಯಾನೊಗಳಲ್ಲಿ ತಂತಿಗಳನ್ನು ಹಿಡಿದಿಡಲು ಎರಕದ ಕಬ್ಬಿಣದ ಭಾರಿ ಚೌಕಟ್ಟು ಇದೆ; ಸಾವಿರಾರು ಜನರ ಸಭಾಂಗಣವನ್ನೂ ಅದರ ದನಿ ತುಂಬಬಲ್ಲದು. ಶೋಪಾನನ ಕಾಲದ ಪಿಯಾನೊ ಮರದ ಮೈಯದು, ಬಲಕ್ಕೆ ಮಾತ್ರ ಕಬ್ಬಿಣದ ಪಟ್ಟಿಗಳು. ತಂತಿಗಳು ತೆಳು, ಸುತ್ತಿಗೆಗಳು ಹಗುರ. ದನಿ ಬೇಗ ಆರುತ್ತದೆ. ಕೆಳಗಿನ ಸ್ವರಗಳಿಗೆ ಒಂದು ಬಣ್ಣ, ನಡುವಿನವಕ್ಕೆ ಇನ್ನೊಂದು, ಮೇಲಿನವಕ್ಕೆ ಮತ್ತೊಂದು. ಒಂದೇ ಮನೆಯ ಬೇರೆಬೇರೆ ಕಂಠಗಳಿದ್ದಂತೆ.

ಪ್ಯಾರಿಸಿನಲ್ಲಿ ಆಗ ಇಬ್ಬರು ದೊಡ್ಡ ತಯಾರಕರಿದ್ದರು: ಎರಾರ್ ಮತ್ತು ಪ್ಲೆಯೆಲ್. ಎರಾರ್ ಪಿಯಾನೊ ಗಟ್ಟಿ ದನಿಯದು, ಹೇಗೆ ಮುಟ್ಟಿದರೂ ಚೆನ್ನಾಗಿಯೇ ನುಡಿಯುತ್ತಿತ್ತು. ಪ್ಲೆಯೆಲ್ ಹಾಗಲ್ಲ. ಬೆರಳಿನ ಭಾರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದು ಗುಟ್ಟು ಬಿಟ್ಟುಕೊಡುತ್ತಿತ್ತು. ಮೈ ಸರಿಯಿಲ್ಲದ ದಿನ ಎರಾರ್ ಸಾಕು, ಮೈಯಲ್ಲಿ ಕಸುವಿದ್ದು ತನ್ನದೇ ದನಿಯನ್ನು ಹುಡುಕಬೇಕಾದ ದಿನ ಪ್ಲೆಯೆಲ್ ಬೇಕು ಎಂಬುದು ಶೋಪಾನನ ಅಭಿಪ್ರಾಯವಾಗಿತ್ತು. ಸುಳ್ಳನ್ನು ಮುಚ್ಚದ ವಾದ್ಯವನ್ನೇ ಆತ ಆರಿಸಿಕೊಂಡ.

ಜೀವಮಾನವೆಲ್ಲ ಸೇರಿ ಆತ ನಡೆಸಿದ ಸಾರ್ವಜನಿಕ ಕಚೇರಿಗಳು ಸುಮಾರು 30 ಮಾತ್ರ. ದೊಡ್ಡ ಜನಸಂದಣಿ ಕಂಡರೆ ಉಸಿರು ಕಟ್ಟಿದಂತಾಗುತ್ತಿತ್ತು. ದನಿ ಸಾಲದೆಂದು ಪತ್ರಿಕೆಗಳು ದೂರಿದವು. ಆತ ದನಿ ಏರಿಸಲಿಲ್ಲ. ಕೆಲವೇ ಸ್ನೇಹಿತರಿರುವ ಕೋಣೆಯಲ್ಲಿ, ಸಂಜೆಯ ಹೊತ್ತಿನಲ್ಲಿ ನುಡಿಸುವುದೇ ಅವನಿಗೆ ಇಷ್ಟ. ಶಿಷ್ಯರಿಗೆ ಬೆರಳಿನ ಚುರುಕು ಕಲಿಸುವುದಕ್ಕಿಂತ ಹಾಡುವವರನ್ನು ಕೇಳಿರಿ ಎಂದು ಹೇಳುವುದೇ ಹೆಚ್ಚು. ಪಿಯಾನೊ ಹಾಡಬೇಕು, ಉಸಿರಾಡಬೇಕು. ಎಡಗೈ ತಾಳ ತಪ್ಪಬಾರದು, ಅದರ ಮೇಲೆ ಬಲಗೈ ಸ್ವತಂತ್ರವಾಗಿ ಸುಳಿಯಬೇಕು ಎಂದು ಹೇಳಿಕೊಡುತ್ತಿದ್ದ. ರಾತ್ರಿಯ ಮೌನವನ್ನು ನೆನಪಿಸುವ ನಾಕ್ಟರ್ನ್ ಎಂಬ ರಚನೆಗಳಲ್ಲಿ ಒಂದೆರಡು ಕಡೆ ರಾಗ ತಟ್ಟನೆ ನಿಂತು, ದೇವಾಲಯದ ಗಾನವೃಂದ ಹಾಡುವಂಥ ಸರಳ ಗೀತವೊಂದು ಬರುತ್ತದೆ. ಹಾಗೆ ಬರುವ ಒಂದು ಜಾಗದಲ್ಲಿ ಭಕ್ತಿಯಿಂದ ನುಡಿಸಬೇಕೆಂದು ಆತನೇ ಸೂಚನೆ ಬರೆದಿದ್ದಾನೆ.

ಬರಿದಾದ ಮಠದಲ್ಲಿ

ಆದರೆ ದೇವಾಲಯದ ಹೊಸ್ತಿಲು ನಿಧಾನವಾಗಿ ದೂರವಾಯಿತು. ಪ್ಯಾರಿಸಿನ ಕಲಾವಿದರ, ಬರಹಗಾರರ ಕೂಟದಲ್ಲಿ ವಿಶ್ವಾಸ ಹಳೆಯ ಕಾಲದ ಸಂಗತಿ ಎಂಬ ಭಾವನೆಯಿತ್ತು. 1838ರಿಂದ ಸುಮಾರು ಒಂಬತ್ತು ವರ್ಷ ಆತ ಜಾರ್ಜ್ ಸಾಂಡ್ ಎಂಬ ಗಂಡು ಹೆಸರಿನಲ್ಲಿ ಬರೆಯುತ್ತಿದ್ದ ಪ್ರಸಿದ್ಧ ಲೇಖಕಿಯ ಜೊತೆಗಿದ್ದ. ಆಕೆ ಗಂಡನಿಂದ ಬೇರೆಯಾಗಿ ಇಬ್ಬರು ಮಕ್ಕಳೊಡನೆ ಇದ್ದವಳು. ವಿವಾಹದ ಸಂಸ್ಕಾರವಿಲ್ಲದ ಬಾಳದು. ಆಕೆ ರೋಗಿಯಾದ ಶೋಪಾನನನ್ನು ವರ್ಷಗಟ್ಟಲೆ ಶುಶ್ರೂಷೆ ಮಾಡಿದಳು ಎಂಬುದೂ ನಿಜ. ಆಕೆಯ ಹಳ್ಳಿಮನೆಯಲ್ಲಿ ಕಳೆದ ಬೇಸಗೆಗಳಲ್ಲಿಯೇ ಆತನ ಅನೇಕ ಶ್ರೇಷ್ಠ ರಚನೆಗಳು ಹುಟ್ಟಿದವು. ಎರಡನ್ನೂ ಹೇಳದಿದ್ದರೆ ಚರಿತ್ರೆಗೆ ಅನ್ಯಾಯ.

ಅವರು 1838ರ ಚಳಿಗಾಲಕ್ಕೆ ಸ್ಪೇನಿನ ಮಜೋರ್ಕಾ ದ್ವೀಪಕ್ಕೆ ಹೋದರು. ಬಿಸಿಲು ಎದೆಯ ರೋಗಕ್ಕೆ ಒಳ್ಳೆಯದೆಂಬ ಆಸೆ. ಮಳೆ ಹಿಡಿಯಿತು, ಕೆಮ್ಮು ಹೆಚ್ಚಿತು. ಕ್ಷಯವೆಂದು ತಿಳಿದೊಡನೆ ಮನೆಯ ಯಜಮಾನ ಹೊರಗೆ ಹಾಕಿದ. ರೋಗಿ ಮಲಗಿದ್ದ ಹಾಸಿಗೆಯನ್ನು ಸುಡುವ ಖರ್ಚನ್ನೂ ವಸೂಲು ಮಾಡಿದ. ಕೊನೆಗೆ ವಾಲ್ದೆಮೊಸಾ ಬೆಟ್ಟದ ಮೇಲಿನ ಕಾರ್ತೂಸಿಯನ್ ಮಠದಲ್ಲಿ ಕೋಣೆಗಳು ಸಿಕ್ಕವು. 1835ರಲ್ಲಿ ಸ್ಪೇನ್ ಸರ್ಕಾರ ಆ ಮಠದ ಸನ್ಯಾಸಿಗಳನ್ನು ಹೊರಡಿಸಿತ್ತು. ನೂರಾರು ವರ್ಷ ಮೌನವ್ರತ ಪಾಲಿಸಿದ ಗೋಡೆಗಳು ಬರಿದಾಗಿ ನಿಂತಿದ್ದವು. ತನ್ನ ಕೋಣೆ ಎತ್ತರದ ಶವಪೆಟ್ಟಿಗೆಯ ಹಾಗಿದೆ ಎಂದು ಶೋಪಾನ್ ಗೆಳೆಯನಿಗೆ ಬರೆದ. ಇವರು ಬಲಿಪೂಜೆಗೆ ಬಾರದ್ದನ್ನು ಕಂಡು ಹಳ್ಳಿಯವರೂ ಹತ್ತಿರ ಸುಳಿಯಲಿಲ್ಲ.

ಪ್ಲೆಯೆಲ್ ಪ್ಯಾರಿಸಿನಿಂದ ಒಂದು ಚಿಕ್ಕ ನಿಲುವು ಪಿಯಾನೊವನ್ನು ಹಡಗಿನಲ್ಲಿ ಕಳಿಸಿದ್ದ. ಸುಂಕದ ಕಟ್ಟೆಯಲ್ಲಿ ಅದು ವಾರಗಟ್ಟಲೆ ಸಿಕ್ಕಿಬಿದ್ದಿತ್ತು. ಅಲ್ಲಿಯವರೆಗೆ ಸ್ಥಳೀಯವಾಗಿ ದೊರೆತ ಒಂದು ಕಳಪೆ ಪಿಯಾನೊದಲ್ಲಿಯೇ ಆತ ಕೆಲಸ ನಡೆಸಿದ. 1839ರ ಜನವರಿಯಲ್ಲಿ ಪ್ಲೆಯೆಲ್ ವಾದ್ಯ ಬೆಟ್ಟ ಹತ್ತಿತು. ಅದೇ ತಿಂಗಳು ಶೋಪಾನ್ 24 ಪ್ರೆಲ್ಯೂಡ್‌ಗಳನ್ನು ಮುಗಿಸಿ ಪ್ಯಾರಿಸಿಗೆ ಕಳಿಸಿದ. ಅವು ಬಹು ಚಿಕ್ಕವು. ಕೆಲವು ಒಂದು ನಿಮಿಷವೂ ಇಲ್ಲ. ಒಂದರಲ್ಲಿ ಬರೀ 13 ಅಳತೆಗಳು, ಶವಯಾತ್ರೆಯ ಹೆಜ್ಜೆಯಂಥ ಸ್ವರಗುಚ್ಛಗಳು, ಬರಬರುತ್ತಾ ಮೆಲ್ಲಗಾಗುತ್ತವೆ. ಮಾತು ಕಡಿಮೆ, ಮೌನ ಹೆಚ್ಚು. ಸನ್ಯಾಸಿಗಳು ಬಿಟ್ಟುಹೋದ ಮೌನವನ್ನು ದೇವಾಲಯಕ್ಕೆ ಹೋಗದ ಈ ಮನುಷ್ಯ ತನಗರಿವಿಲ್ಲದೆ ಮುಂದುವರಿಸಿದನೇನೋ ಎಂದು ಅವನ್ನು ಕೇಳುವಾಗ ನನಗೆ ಅನ್ನಿಸುತ್ತದೆ. ಆ ದ್ವೀಪದಲ್ಲಿ ಆತ ಒಂದು ಮಜೂರ್ಕವನ್ನೂ ಬರೆದ. ಊರು ಅಲ್ಲಿಯೂ ಬೆನ್ನು ಬಿಡಲಿಲ್ಲ.

ಫೆಬ್ರವರಿಯಲ್ಲಿ ಹಂದಿಗಳನ್ನು ತುಂಬಿದ್ದ ಹಡಗಿನಲ್ಲಿ, ರಕ್ತ ಕಾರುತ್ತಾ, ಆತ ದ್ವೀಪ ಬಿಟ್ಟ. ಆ ಪಿಯಾನೊ ಅಲ್ಲಿಯೇ ಉಳಿಯಿತು. ವಾಲ್ದೆಮೊಸಾ ಮಠದಲ್ಲಿ ಅದನ್ನು ಇಂದಿಗೂ ನೋಡಬಹುದು.

ಗೆಳೆಯ ಕೇಳಿದ ಕಾಣಿಕೆ

ಮುಂದಿನ ವರ್ಷಗಳು ಒಂದೊಂದಾಗಿ ಕಿತ್ತುಕೊಂಡವು. ತಂದೆತಾಯಿಯನ್ನು ಆತ ಕೊನೆಯ ಬಾರಿ ಒಟ್ಟಿಗೆ ಕಂಡಿದ್ದು 1835ರಲ್ಲಿ, ಕಾರ್ಲ್ಸ್‌ಬಾದ್ ಊರಿನಲ್ಲಿ. ತಂದೆ 1844ರಲ್ಲಿ ತೀರಿಕೊಂಡ. 1847ರಲ್ಲಿ ಜಾರ್ಜ್ ಸಾಂಡ್ ಜೊತೆಗಿನ ಸಂಬಂಧ ಮುರಿಯಿತು. 1848ರ ಫೆಬ್ರವರಿ 16ರಂದು ಪ್ಯಾರಿಸಿನಲ್ಲಿ ಕೊನೆಯ ಕಚೇರಿ. ಕೆಲವೇ ದಿನಗಳಲ್ಲಿ ನಗರದಲ್ಲಿ ಕ್ರಾಂತಿಯಾಗಿ ಶಿಷ್ಯರು ಚದುರಿಹೋದರು. ಹೊಟ್ಟೆಪಾಡಿಗಾಗಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಅಲೆದ. ಆ ವರ್ಷದ ನವೆಂಬರ್ 16ರಂದು ಲಂಡನ್ನಿನಲ್ಲಿ ಪೋಲಿಷ್ ನಿರಾಶ್ರಿತರ ಸಹಾಯಾರ್ಥ ನಡೆದ ಕೂಟದಲ್ಲಿ ನುಡಿಸಿದ್ದೇ ಜನರ ಮುಂದೆ ಕೊನೆಯ ಬಾರಿ. ಕುಣಿತಕ್ಕೆ ಬಂದವರಲ್ಲಿ ಹೆಚ್ಚಿನವರು ಗಮನವಿಟ್ಟು ಕೇಳಲೂ ಇಲ್ಲ. ಮೆಟ್ಟಿಲು ಹತ್ತಲಾರದಷ್ಟು ಬಳಲಿದ್ದರೂ ಆತ ಅಂದು ನುಡಿಸಿದ್ದು ತನ್ನ ಜನಕ್ಕಾಗಿ.

1849ರ ಆಗಸ್ಟಿನಲ್ಲಿ ಅಕ್ಕ ಲುದ್ವಿಕಾ ವಾರ್ಸಾದಿಂದ ಬಂದಳು. ಹಾಸಿಗೆ ಹಿಡಿದ ತಮ್ಮನನ್ನು ತಾಯಿಯ ಬದಲು ಆಕೆ ನೋಡಿಕೊಂಡಳು. ಅಕ್ಟೋಬರಿನಲ್ಲಿ ಹಳೆಯ ಗೆಳೆಯನೊಬ್ಬ ಬಾಗಿಲಿಗೆ ಬಂದ. ಅವರು ಫಾದರ್ ಅಲೆಕ್ಸಾಂಡರ್ ಯೆವೊವಿಟ್ಸ್ಕಿ. ಒಂದು ಕಾಲಕ್ಕೆ ವಾರ್ಸಾದ ದಂಗೆಯಲ್ಲಿ ಕತ್ತಿ ಹಿಡಿದವರು, ಆಮೇಲೆ ಪ್ಯಾರಿಸಿನಲ್ಲಿ ಪೋಲಿಷ್ ಪುಸ್ತಕಗಳನ್ನು ಪ್ರಕಟಿಸಿದವರು, ಕಡೆಗೆ ಗುರುದೀಕ್ಷೆ ಪಡೆದವರು. ನಡೆದದ್ದನ್ನು ಅವರು ಕೆಲವೇ ದಿನಗಳಲ್ಲಿ ಒಂದು ಕಾಗದದಲ್ಲಿ ಬರೆದಿಟ್ಟರು. ಅದರಲ್ಲಿ ಭಕ್ತಿಯ ಅಲಂಕಾರ ಸ್ವಲ್ಪ ಸೇರಿರಬಹುದೆಂದು ಚರಿತ್ರಕಾರರು ಹೇಳುವುದುಂಟು. ಆದರೂ ಅದರ ತಿರುಳು ಮನಮುಟ್ಟುವಂಥದು.

ಸಂಸ್ಕಾರ ಪಡೆಯದೆ ಸತ್ತರೆ ತಾಯಿ ನೊಂದುಕೊಂಡಾಳು ಎಂಬ ಸಂಕಟ ಶೋಪಾನನಿಗಿತ್ತು. ಆದರೆ ತಾನು ನಂಬದ್ದನ್ನು ನಂಬಿದಂತೆ ನಟಿಸಲು ಮನಸ್ಸಿರಲಿಲ್ಲ. ಗೆಳೆಯನ ಮುಂದೆ ಮನಸ್ಸು ಬಿಚ್ಚಬಲ್ಲೆ, ಸಂಸ್ಕಾರವೆಂದು ಪಾಪನಿವೇದನೆ ಮಾಡಲಾರೆ ಎಂದುಬಿಟ್ಟ. ಪ್ಲೆಯೆಲ್ ವಾದ್ಯದಲ್ಲಿ ಸುಳ್ಳು ನುಡಿಸದವನು ಇಲ್ಲಿಯೂ ಸುಳ್ಳಾಡಲಿಲ್ಲ. ಫಾದರ್ ಒತ್ತಾಯ ಮಾಡಲಿಲ್ಲ, ವಾದಕ್ಕೂ ಇಳಿಯಲಿಲ್ಲ, ಕಾದರು. ಅಕ್ಟೋಬರ್ 13 ಸಂತ ಎಡ್ವರ್ಡರ ಹಬ್ಬ. ಹಿಂದಿನ ವರ್ಷ ವಿಯೆನ್ನಾದಲ್ಲಿ ಪ್ರಾಣ ಕಳೆದುಕೊಂಡಿದ್ದ ಫಾದರ್ ಅವರ ಸಹೋದರನ ಹೆಸರೂ ಎಡ್ವರ್ಡ್. ಆ ಬೆಳಿಗ್ಗೆ ಸಹೋದರನಿಗಾಗಿ ಬಲಿಪೂಜೆ ಅರ್ಪಿಸಿ ಬಂದು, ಇಂದು ನನ್ನ ಸಹೋದರನ ಹಬ್ಬ, ನನಗೊಂದು ಕಾಣಿಕೆ ಕೊಡು, ನಿನ್ನ ಆತ್ಮವನ್ನು ಕೊಡು ಎಂದು ಕೇಳಿದರು. ಶೋಪಾನ್ ಒಪ್ಪಿದ. ಶಿಲುಬೆಯನ್ನು ಹಿಡಿದು ಕಣ್ಣೀರಿಟ್ಟ. ಪಾಪನಿವೇದನೆ ಮಾಡಿ, ಪರಮಪ್ರಸಾದವನ್ನೂ ರೋಗಿಗಳ ಅಭ್ಯಂಗವನ್ನೂ ಸ್ವೀಕರಿಸಿದ.

ಎರಡು ದಿನಗಳ ನಂತರ ಡೆಲ್ಫಿನಾ ಪೊಟೊಟ್ಸ್ಕಾ ಎಂಬ ಪೋಲಿಷ್ ಹೆಣ್ಣುಮಗಳು ನೋಡಲು ಬಂದಾಗ, ಹಾಡು ಎಂದು ಬೇಡಿಕೊಂಡ. ಪಿಯಾನೊವನ್ನು ಮಲಗುವ ಕೋಣೆಯ ಬಾಗಿಲವರೆಗೆ ತಳ್ಳಿ ತಂದರು. ಆಕೆ ಅಳು ನುಂಗಿಕೊಂಡು ಹಾಡಿದಳು. ಅಕ್ಟೋಬರ್ 17ರ ನಸುಕಿನಲ್ಲಿ ಶೋಪಾನ್ ಕಣ್ಣು ಮುಚ್ಚಿದ. ವಯಸ್ಸು 39.

ಕಂಬದೊಳಗಿನ ಹೃದಯ

ಪ್ಯಾರಿಸಿನ ಮದ್ಲೆನ್ ದೇವಾಲಯದಲ್ಲಿ ಅಕ್ಟೋಬರ್ 30ರಂದು ಅಂತ್ಯಕ್ರಿಯೆಯ ಬಲಿಪೂಜೆ ನಡೆಯಿತು. ಮೊಜಾರ್ಟ್ ರಚಿಸಿದ ಮೃತರ ಬಲಿಪೂಜೆಯ ಸಂಗೀತವನ್ನು ಹಾಡಿದರು. ಅಲ್ಲಿ ಹೆಂಗಸರು ಹಾಡುವ ರೂಢಿ ಅಂದು ಇರಲಿಲ್ಲವಾದ್ದರಿಂದ ವಿಶೇಷ ಅನುಮತಿ ಪಡೆದು, ಅವರನ್ನು ಕಪ್ಪು ಪರದೆಯ ಹಿಂದೆ ನಿಲ್ಲಿಸಿದ್ದರು. ವಾಲ್ದೆಮೊಸಾ ಮಠದಲ್ಲಿ ಮುಗಿಸಿದ ಪ್ರೆಲ್ಯೂಡ್‌ಗಳಲ್ಲಿ ಎರಡನ್ನು ಆರ್ಗನ್ ಮೇಲೆ ನುಡಿಸಿದರು. ಸಾವಿರಾರು ಜನ ಸೇರಿದ್ದರು. ದೊಡ್ಡ ಸಭೆಗೆ ಅಂಜುತ್ತಿದ್ದವನಿಗೆ ಕೊನೆಗೆ ಅತಿ ದೊಡ್ಡ ಸಭೆ.

ದೇಹವನ್ನು ಪೇರ್ ಲಶೇಸ್ ಸ್ಮಶಾನದಲ್ಲಿ ಹೂಳಿದರು. ಹೃದಯವನ್ನು ಮಾತ್ರ ಗಾಜಿನ ಭರಣಿಯಲ್ಲಿ ಮದ್ಯಸಾರದೊಳಗಿಟ್ಟು ಲುದ್ವಿಕಾ ತನ್ನೊಡನೆ ಹೊರಟಳು. ಗಡಿ ಕಾವಲಿನವರ ಕಣ್ಣು ತಪ್ಪಿಸಿ 1850ರಲ್ಲಿ ವಾರ್ಸಾಕ್ಕೆ ತಂದಳು. ತಾಯಿ ಯುಸ್ತಿನಾ ಇನ್ನೂ ಬದುಕಿದ್ದಳು. 1830ರಲ್ಲಿ ಬೀಳ್ಕೊಟ್ಟ ಮಗ ಅವಳ ಬಳಿಗೆ ಮರಳಿದ್ದು ಹೀಗೆ. ಪವಿತ್ರ ಶಿಲುಬೆಯ ದೇವಾಲಯದಲ್ಲಿ ಮೊದಲು ನೆಲಮಾಳಿಗೆಯಲ್ಲಿದ್ದ ಭರಣಿಯನ್ನು ಮುಂದೆ ಕಂಬದೊಳಗೆ ಇರಿಸಿದರು. ಕಂಬದ ಮೇಲೆ ಸಂತ ಮತ್ತಾಯರ ಶುಭಸಂದೇಶದ 6ನೇ ಅಧ್ಯಾಯದ 21ನೇ ವಚನವನ್ನು ಸೂಚಿಸಿದ್ದಾರೆ. ಓದುಗರು ಮನೆಯಲ್ಲಿ ಬೈಬಲ್ ತೆಗೆದು ಅದನ್ನು ಓದಲಿ.

ಆತನ ಪಿಯಾನೊಗಳ ಕಥೆಯೂ ಇದೆ. ಬಾಲ್ಯದಲ್ಲಿ ನುಡಿಸುತ್ತಿದ್ದ ಪಿಯಾನೊ ತಂಗಿ ಇಜಬೆಲಾ ಮನೆಯಲ್ಲಿತ್ತು. 1863ರ ಸೆಪ್ಟೆಂಬರಿನಲ್ಲಿ ರಷ್ಯಾದ ಸೈನಿಕರು ಆ ಕಟ್ಟಡಕ್ಕೆ ನುಗ್ಗಿ, ಅದನ್ನು ಕಿಟಕಿಯಿಂದ ಬೀದಿಗೆ ಎಸೆದರು. ಸಾಯುವಾಗ ಕೋಣೆಯಲ್ಲಿದ್ದ ಕೊನೆಯ ಪ್ಲೆಯೆಲ್ ಮಾತ್ರ ಉಳಿಯಿತು. ಜೇನ್ ಸ್ಟರ್ಲಿಂಗ್ ಎಂಬ ಸ್ಕಾಟಿಷ್ ಶಿಷ್ಯೆ ಅದನ್ನು ಕೊಂಡು ಲುದ್ವಿಕಾಳಿಗೆ ಕಳಿಸಿದ್ದಳು. ಅದೀಗ ವಾರ್ಸಾದ ಶೋಪಾನ್ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆತನ ಸಂಗೀತವನ್ನು ನಿಷೇಧಿಸಿದರು, 1940ರಲ್ಲಿ ಆತನ ಪ್ರತಿಮೆಯನ್ನು ಸಿಡಿಸಿ ಕರಗಿಸಿದರು. 1944ರ ದಂಗೆಯಲ್ಲಿ ಆ ದೇವಾಲಯವೇ ಬಹುಪಾಲು ಕುಸಿಯಿತು. ಅಷ್ಟರಲ್ಲಿ ಹೃದಯವನ್ನು ಹೊರಗೆ ಒಯ್ದಿದ್ದರು. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್ 17ರಂದು, ಆತ ತೀರಿಕೊಂಡ ತಾರೀಖಿನಂದೇ, ಅದು ತನ್ನ ಕಂಬಕ್ಕೆ ಮರಳಿತು. 2014ರಲ್ಲಿ ವಾರ್ಸಾದ ಮಹಾಧರ್ಮಾಧ್ಯಕ್ಷರ ಸಮ್ಮುಖದಲ್ಲಿ ತಜ್ಞರು ಭರಣಿಯನ್ನು ತೆರೆಯದೆಯೇ ಪರೀಕ್ಷಿಸಿದರು. ಕ್ಷಯ ಹೃದಯದ ಹೊರಪದರಕ್ಕೂ ಹರಡಿ ಸಾವು ತಂದಿರಬೇಕೆಂದು 2017ರಲ್ಲಿ ಪ್ರಕಟಿಸಿದರು.

ಜನ ಈಗ ಆ ಮೆಲುದನಿಯನ್ನು ಮತ್ತೆ ಹುಡುಕುತ್ತಿದ್ದಾರೆ. 1927ರಿಂದ ವಾರ್ಸಾದಲ್ಲಿ ಶೋಪಾನ್ ಹೆಸರಿನ ಅಂತಾರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿದೆ. 2018ರಲ್ಲಿ ಆತನ ಕಾಲದ ಹಳೆಯ ಪಿಯಾನೊಗಳಿಗೇ ಮೀಸಲಾದ ಇನ್ನೊಂದು ಸ್ಪರ್ಧೆ ಆರಂಭವಾಯಿತು. ಬೀದಿಗೆ ಎಸೆದ ಆ ಬಾಲ್ಯದ ಪಿಯಾನೊದಂಥದೇ ಇನ್ನೊಂದನ್ನು ಹಳೆಯ ಮಾದರಿ ನೋಡಿ ಕಟ್ಟಿಸಿದ್ದಾರೆ. ಮರದ ಮೈ, ಹಗುರ ಸುತ್ತಿಗೆ, ಬೇಗ ಆರುವ ದನಿ. ಕೇಳುವವನು ಸುಮ್ಮನಾದರೆ ಮಾತ್ರ ಅದು ಕೇಳಿಸುತ್ತದೆ.

ಓದುಗ ಬಂಧುಗಳೇ, ದೂರದ ಊರಿನಲ್ಲಿರುವ ಮಗ ಅಥವಾ ಮಗಳು ಬಲಿಪೂಜೆಗೆ ಹೋಗುತ್ತಿಲ್ಲವೆಂದು ಕಣ್ಣೀರಿಡುವ ತಾಯಂದಿರು ನಮ್ಮ ಪ್ರತಿ ಧರ್ಮಕೇಂದ್ರದಲ್ಲಿದ್ದಾರೆ. ಅವರಿಗೆ ಈ ಬಾಳಿನಿಂದ ಎರಡು ಮಾತು. ಮಗುವಿದ್ದಾಗ ಹಾಡಿದ ಜೋಗುಳ, ಗೋದಲಿಯ ಮುಂದಿನ ಹಾಡು, ರಾತ್ರಿಯ ಜಪ, ಇವುಗಳಲ್ಲಿ ಯಾವುದೂ ವ್ಯರ್ಥವಲ್ಲ. ಅವು ಎಲ್ಲಿಯೋ ಶ್ರುತಿಯ ಹಾಗೆ ನಿಂತಿರುತ್ತವೆ. ಇನ್ನೊಂದು, ಮರಳಿ ಬರುವವರಿಗೆ ಬೇಕಾದದ್ದು ಗದರಿಕೆಯಲ್ಲ, ಯೆವೊವಿಟ್ಸ್ಕಿಯವರಂಥ ಗೆಳೆಯ. ಸುಳ್ಳು ಜಪಕ್ಕೆ ಒತ್ತಾಯಿಸದೆ, ಬಾಗಿಲ ಬಳಿ ಕಾದು, ಸರಿಯಾದ ದಿನ ಪ್ರೀತಿಯಿಂದ ಕೇಳುವವನು. ಈ ಭಾನುವಾರ ನಿಮ್ಮ ಮಕ್ಕಳಿಗೆ ಫೋನು ಮಾಡಿದಾಗ, ಚರ್ಚಿಗೆ ಹೋದೆಯಾ ಎಂದು ಕೇಳುವ ಮೊದಲು, ಚಿಕ್ಕಂದಿನಲ್ಲಿ ಅವರಿಗೆ ಇಷ್ಟವಾಗಿದ್ದ ಒಂದು ಹಾಡನ್ನು ನೆನಪಿಸಿ ನೋಡಿರಿ.